ಮೇಡಂ ಕರೆದರೆ ಓಗೊಡು

ಧನರಾಜ್,

ನಿನ್ನನ್ನು ಎಬ್ಬಿಸದೆ, ಸದ್ದು ಮಾಡದೆ, ಮಳೆಗೆಂದು ಒಳಗೆ ಕಟ್ಟಿದ್ದ ಒಣಮೀನಿನ ಹಗ್ಗವನ್ನು ಬಿಚ್ಚಿ ಹೊರಗೆ ಮಾಡಿನಡಿ ಕಟ್ಟಿದ್ದೇನೆ. ಬೆಕ್ಕು ಬಾಯಿ ಹಾಕದಂತೆ ನೋಡಿಕೋ. "ಕ್ಲಾಸಲ್ಲಿ ಕ್ಯಾಮೆರಾ ಹಾಕಿದ್ರೆ ಹಿಂದೆ ಬಂಗುಡೆ ಮೀನು ಕಾಣ್ತದೆ ಮಾರಾಯ್ತಿ" ಎಂದು ಇನ್ನು ಹೇಳಬೇಡ.

ಗಂಜಿ ಒಲೆಯ ಮೇಲೆ ಉಂಟು. ಫೋನ್ ಚಾರ್ಜಿಗೆ ಹಾಕಿದ್ದೇನೆ.

ನಿನ್ನೆ ನೀನು ಫೋನಿನಲ್ಲಿ ಆನ್‌ಲೈನ್ ಕ್ಲಾಸ್ ಹಾಕಿಟ್ಟು ಅಂಗಳಕ್ಕೆ ಹೋದೆ. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ. ಅಪೊಲೋನಿಯಾ ಮೇಡಂ ಪಾಠದ ನಡುವೆ ತುಂಬ ಹೊತ್ತು ಕೆಮ್ಮಿದರು. "ನನ್ನ ಸ್ವರ ಕೇಳ್ತಾ ಉಂಟಾ ಮಕ್ಕಳೇ?" ಎಂದರು. ಫೋನಿನ ತುಂಬ ನಿಮ್ಮ ಹೆಸರುಗಳು, ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. "ಯಾರಾದರೂ ಇದ್ದೀರಾ?" ಎನ್ನುವಾಗ ಅವರ ಸ್ವರ ನಡುಗಿತು. ಕಲ್ಯಾಣಪುರದ ಮನೆಯಲ್ಲಿ ಜ್ವರ ಬಂದು ಒಬ್ಬರೇ ಇದ್ದಾರೆಂದು ನೀನೇ ಹೇಳಿದ್ದೆ, ಅಲ್ವಾ?

ನಾನೇ ಮೈಕ್ ಒತ್ತೋಣವೆಂದು ಕೈ ಒರೆಸಿಕೊಂಡೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಎಂತ ಹೇಳುವುದು? ಧೈರ್ಯ ಬರಲಿಲ್ಲ. ಆಗಿನಿಂದ ಹೆದರಿಕೆಯಾಗುತ್ತಿದೆ. ಮಾತಾಡುತ್ತಲೇ ಅವರು ಬಿದ್ದುಬಿಟ್ಟರೂ ನೀವೆಲ್ಲ ನೆಟ್‌ವರ್ಕ್ ಹೋಯಿತೆಂದು ಸುಮ್ಮನಿರುತ್ತೀರಿ.

ನಮ್ಮ ಹೆಜಮಾಡಿಯಲ್ಲಿ ಕತ್ತಲಲ್ಲಿ ದೋಣಿಯಿಂದ ಕೂಗು ಬಂದರೆ, ಯಾರ ದೋಣಿ ಎಂದು ಕೇಳದೆ ದಡದಲ್ಲಿದ್ದವರು ಓಗೊಡುತ್ತಾರೆ. ಆ ವರ್ಷದ ಬಿರುಗಾಳಿಯಲ್ಲಿ ಅಪ್ಪ ದಡ ಸೇರಿದ್ದು ಹಾಗೆ ಓಗೊಟ್ಟವರ ಸ್ವರ ಹಿಡಿದೇ.

ನಾನು ಕೆಲಸಕ್ಕೆ ಹೊರಟೆ. ಇವತ್ತು ಮೇಡಂ ಕರೆದರೆ ಮೈಕ್ ಹಾಕಿ "ಇದ್ದೇನೆ ಮೇಡಂ" ಎನ್ನು. ಜ್ವರ ಹೇಗುಂಟು ಎಂದು ಕೇಳು. ನಗುವವರು ನಗಲಿ.

ಅವರ ಸ್ವರ ಕೇಳಿದ ಕೂಡಲೇ ನನಗೊಂದು ಫೋನ್ ಮಾಡು.

ಅಕ್ಕ