ಪದ್ದುವಿನ ಸಾಲು

ಬಸ್ರೂರು
೮-೪-೨೦೦೭, ಭಾನುವಾರ

ಪ್ರೇಕ್ಷಾಳ ಪ್ರೀತಿಯ ಅಪ್ಪಯ್ಯನವರಿಗೆ,

ಸ್ವರ್ಣಲತಾಳ ನಮಸ್ಕಾರಗಳು. ಮುಂಬಯಿಯಲ್ಲಿ ಆರೋಗ್ಯವಾಗಿದ್ದೀರಷ್ಟೆ? ಬೆಳಗಿನಿಂದ ದೋಸೆ ಕಲ್ಲಿನ ಎದುರು ನಿಂತು ಕಾಲು ಬಾತುಕೊಳ್ಳುತ್ತದೆ ಎಂದಿದ್ದಿರಿ, ಈಗ ಹೇಗಿದೆ? ಅತ್ತೆ ಕಾಯಿಸಿ ಕಳಿಸಿದ ಎಣ್ಣೆಯನ್ನು ನೀವು ಹಚ್ಚಿಕೊಳ್ಳುವ ಮೊದಲೇ ರೂಮಿನವರಿಗೆಲ್ಲ ಹಂಚಿ ಬಾಟಲಿ ಖಾಲಿ ಮಾಡಿದ ಸುದ್ದಿ ಊರಿಗೆ ಬಂದ ನಿಮ್ಮ ಜೊತೆಯವರಿಂದಲೇ ಸಿಕ್ಕಿತು. ಮತ್ತೊಂದು ಬಾಟಲಿ ಕಳಿಸುತ್ತೇನೆ, ಅದಾದರೂ ನಿಮ್ಮ ಕಾಲಿಗೆ ಸೇರಲಿ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅತ್ತೆಯ ಬೆನ್ನು ನೋವು ಮಾತಾಡುವಾಗ ಮಾತ್ರ ಇರುತ್ತದೆ, ಗದ್ದೆಗಿಳಿದರೆ ಕಾಣೆಯಾಗುತ್ತದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡಿ. ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ಕಾಗದದಲ್ಲಿ ಆ ತೊಂದರೆ ಇಲ್ಲ. ವಿಷಯ ನಿಮ್ಮ ಮಗಳ ಪರೀಕ್ಷೆಯದು. ಇಲಾಖೆಯವರು ಎಲ್ಲ ಶಾಲೆಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಮಕ್ಕಳ ಕಲಿಕೆ ಅಳೆಯುತ್ತಾರೆ ಎಂದು ತಿಳಿದ ದಿನವೇ ನೀವು ಕಾನೂನು ಮಾಡಿಬಿಟ್ಟಿರಿ: "ಎ ಗ್ರೇಡ್ ಬಂದ್ರೆ ಅಲ್ಲೇ ಓದ್ಲಿ. ಇಲ್ದಿದ್ರೆ ಜೂನ್‌ಗೆ ಇಲ್ಲಿಗೆ." ಇಲ್ಲಿಗೆ ಎಂದರೆ ಡೊಂಬಿವಿಲಿಯ ನಿಮ್ಮ ಅಕ್ಕನ ಮನೆಗೆ, ಇಂಗ್ಲಿಷ್ ಶಾಲೆಗೆ. ನೀವು ಹೋಟೆಲಿನ ರೂಮಿನಲ್ಲಿ, ಮಗಳು ಅಕ್ಕನ ಮನೆಯಲ್ಲಿ, ನಾನೂ ಅತ್ತೆಯೂ ಇಲ್ಲಿ ಅನ್ನದ ತಟ್ಟೆ ಎದುರು ಮುಖ ಮುಖ ನೋಡಿಕೊಂಡು. ಆ ದಿನದಿಂದ ನನಗೆ ಊಟ ಸರಿಯಾಗಿ ಸೇರಿಲ್ಲ. ಫಲಿತಾಂಶ ಬಂದಿದೆ. ಈಗಲೇ ಹೇಳಿದರೆ ನೀವು ಕಾಗದ ಮಡಚಿ ಕಿಸೆಗೆ ಹಾಕುತ್ತೀರಿ, ಆದ್ದರಿಂದ ಕೊನೆಗೆ ಹೇಳುತ್ತೇನೆ.

ಪರೀಕ್ಷೆಯ ದಿನ ಬೇರೆ ಶಾಲೆಯ ಮಾಷ್ಟ್ರೊಬ್ಬರು ಬ್ರಹ್ಮಾವರದ ಕಡೆಯಿಂದ ಕಾವಲಿಗೆ ಬಂದಿದ್ದರು. ನಮ್ಮ ರಾಜೀವಿ ಟೀಚರನ್ನೇ ತರಗತಿಯ ಹೊರಗೆ ಕೂರಿಸಿದ್ದರು, ಅಷ್ಟು ಬಿಗಿ. ನಾಲ್ಕನೇ ಕ್ಲಾಸಿನ ಮಕ್ಕಳನ್ನು ದೂರ ದೂರ ಕೂರಿಸಿ ಬರೆಸಿದರಂತೆ. ನಮ್ಮವಳದ್ದು ಬೇಗ ಮುಗಿಯಿತು. ಮುಗಿದ ಮೇಲೆ ಸುಮ್ಮನೆ ಕೂರುವುದು ಬಿಟ್ಟು ಎದ್ದಳು. ನೀರಿಗೆ ಹೋಗುತ್ತಾಳೆ ಎಂದುಕೊಂಡರು ಮಾಷ್ಟ್ರು. ಇವಳು ಪೆನ್ಸಿಲ್ ಹಿಡಿದುಕೊಂಡು, ಎಲ್ಲರ ಎದುರಿಗೇ ನಡೆದು, ಪದ್ದುವಿನ ಬೆಂಚಿಗೆ ಹೋಗಿ, ಅವಳನ್ನು ಆಚೆ ಸರಿಸಿ, ಅವಳ ಉತ್ತರ ಬರೆಯಲು ಕೂತಳು. ಪದ್ದು ಗೊತ್ತಲ್ಲ, ಆಚೆಮನೆಯ ಗೋವರ್ಧನಣ್ಣನ ಮಗಳು. ದಡ್ಡಿಯಲ್ಲ, ಮಹಾ ನಿಧಾನಿ. ಉತ್ತರ ತಿಳಿದಿದ್ದರೂ ಅದನ್ನು ಕಾಗದಕ್ಕೆ ಇಳಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಮಾಷ್ಟ್ರು ದಂಗಾದರಂತೆ. ಕದ್ದು ನೋಡುವ ಮಕ್ಕಳನ್ನು ಅವರು ಸಾಕಷ್ಟು ಹಿಡಿದಿದ್ದಾರೆ, ಕದಿಯದೇ ಮಾಡುವವರನ್ನು ನೋಡಿದ್ದು ಇದೇ ಮೊದಲು. ಏನು ಮಾಡುತ್ತಿದ್ದೀ ಎಂದು ಗದರಿದರೆ ನಿಮ್ಮ ಮಗಳು ಎದ್ದು ನಿಂತು, ಕೈಕಟ್ಟಿ, ಹೀಗೆ ಉತ್ತರ ಕೊಟ್ಟಳು: "ನನ್ ಸಾಲ್ ಮುಗ್ದಿತ್ ಸರ್. ಅವ್ಳದ್ದ್ ಇನ್ನೂ ಬಾಕಿ ಇತ್ತ್."

ತಪ್ಪು ಯಾರದು ಹೇಳಿ? ಸುಗ್ಗಿ ಬೆಳೆಯ ನಟ್ಟಿಗೆ ರಜೆಯ ದಿನಗಳಲ್ಲಿ ಅತ್ತೆ ಅವಳನ್ನೂ ಪದ್ದುವನ್ನೂ ಗದ್ದೆಗೆ ಇಳಿಸಿದ್ದರು. ನಮ್ಮ ಗದ್ದೆಯಲ್ಲಿ ಗುಲಾಬಿ ಅಮ್ಮನ, ಅಂದರೆ ನಿಮ್ಮ ತಾಯಿಯ, ಮಾತೇ ಶಾಸನ. ಸಸಿ ನೆಡುತ್ತಾ ಹಿಂದೆ ಹಿಂದೆ ಬಂದು ತನ್ನ ಸಾಲು ಮುಗಿಸಿದವಳು ಹಿಂದುಳಿದವಳ ಸಾಲಿಗೆ ಕೈಹಾಕಬೇಕು. ಕಾಲು ತೊಳೆಯಲು ಗದ್ದೆಯ ಅಂಚು ಹತ್ತಹೊರಟವಳನ್ನು ಅತ್ತೆ ಅಲ್ಲಿಂದಲೇ ತಡೆಯುತ್ತಾರೆ: "ಹ್ವಾಯ್, ಪಕ್ಕದವ್ಳ ಸಾಲ್ ಬಾಕಿ ಇದ್ರೆ ಅಂಚ್ ಹತ್ತುಕಾಗ." ಮಗು ಗದ್ದೆಯಲ್ಲಿ ಕಲಿತದ್ದನ್ನು ಶಾಲೆಯಲ್ಲಿ ಮಾಡಿತು. ಪರೀಕ್ಷೆಯ ಗದ್ದೆಗೆ ಬೇರೆ ಕಾನೂನು ಎಂದು ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.

ಮಾಷ್ಟ್ರು ಇಬ್ಬರ ಉತ್ತರ ಹಾಳೆಯನ್ನೂ ಕಿತ್ತುಕೊಂಡು ನಕಲು ಎಂದು ವರದಿ ಬರೆಯಲು ಕೂತರು. ರಾಜೀವಿ ಟೀಚರ್ ಒಳಗೆ ಬಂದು ನಟ್ಟಿಯ ಕಥೆ ವಿವರಿಸಿದರಂತೆ. ಪುಣ್ಯಕ್ಕೆ ಆ ಮಾಷ್ಟ್ರ ತಾಯಿಯೂ ನಟ್ಟಿ ಮಾಡಿದವರೇ. ವರದಿ ಬಿಟ್ಟು, ಇಬ್ಬರಿಗೂ ಹೊಸ ಹಾಳೆ ಕೊಟ್ಟು, ಉಳಿದ ಅರ್ಧ ಹೊತ್ತಿನಲ್ಲಿ ಮೊದಲಿನಿಂದ ಬರೆಯಿರಿ, ಏಳಬೇಡಿ ಎಂದರು. ನಮ್ಮವಳು ಅಳುತ್ತಾ ಬರೆದಳು, ಪದ್ದು ಹೆದರಿಕೆಯಲ್ಲಿ ಹಿಂದೆಂದೂ ಬರೆಯದಷ್ಟು ಬೇಗ ಬರೆದಳು.

ಸಂಜೆ ಟೀಚರ್ ಮನೆಗೆ ಬಂದು ಎಲ್ಲ ಹೇಳಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಮಗಳಿಗೆ ಬೈದೆ. ಅತ್ತೆ ಬೈಯಲಿಲ್ಲ. ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ಪರೀಕ್ಷೆಯಲ್ಲಿ ಮಾತ್ರ ಅವರವರ ಸಾಲು ಅವರವರೇ ಮುಗಿಸಬೇಕಂತೆ, ಸರಕಾರದವರ ಕ್ರಮ ಹಾಗೆ, ಹಿಂದುಳಿದವಳಿಗೆ ನಾವು ಮೊದಲೇ ಕೈಹಿಡಿದು ಕಲಿಸಿಡಬಹುದು ಎಂದರು. ಅಂದಿನಿಂದ ದಿನಾ ಸಂಜೆ ನಮ್ಮ ಜಗಲಿಯಲ್ಲಿ ಪದ್ದುವಿಗೆ ಲೆಕ್ಕದ ಪಾಠ. ಪಾಠ ಹೇಳುವವಳ ಗದರಿಕೆ ಕೇಳಬೇಕು ನೀವು, ಥೇಟ್ ಅಜ್ಜಿ.

ನಗಬೇಡಿ. ನನಗೆ ಆ ದಿನ ಸಿಟ್ಟು ಬಂದದ್ದು ನಿಜ, ಮಲಗಿದ ಮೇಲೆ ಹೆಮ್ಮೆಯಾದದ್ದೂ ನಿಜ. ಎಣ್ಣೆ ಹಂಚುವ ಅಪ್ಪನಿಗೆ ಉತ್ತರ ಹಂಚುವ ಮಗಳು.

ಇನ್ನೇನು, ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಚಾ ಕಡಿಮೆ ಮಾಡಲು ಹೇಳಿದ್ದಾರೆ. ಡೊಂಬಿವಿಲಿಯ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಮಗಳು ಪದ್ದುವಿನ ಮನೆಗೆ ಹೋಗಿದ್ದಾಳೆ, ಅವಳ ಪರವಾಗಿ ನಾನೇ ನಿಮ್ಮ ಕಾಲಿಗೆ ನಮಸ್ಕರಿಸುತ್ತೇನೆ, ಬಾತ ಕಾಲಿಗೆ ಮೆಲ್ಲಗೆ.

ನಿಮ್ಮವಳೇ ಆದ
ಸ್ವರ್ಣ

ತಾ.ಕ.: ಟಪಾಲು ಪೆಟ್ಟಿಗೆಗೆ ಹಾಕಲು ಗೋವರ್ಧನಣ್ಣ ಅಂಗಳದಲ್ಲಿ ಕಾಯುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಪ್ರೇಕ್ಷಾಳಿಗೆ ಬಂದದ್ದು ಬಿ. ಪದ್ದುವಿಗೂ ಬಿ. ಇಬ್ಬರೂ ಒಟ್ಟಿಗೇ ಅಂಚು ಹತ್ತಿದೆವೆಂದು ಕೈಹಿಡಿದು ಊರೆಲ್ಲ ಕುಣಿದರು. ನಿಮ್ಮ ಕಾನೂನಿನಂತೆ ಮಗಳು ಜೂನ್‌ಗೆ ಹೊರಡಬೇಕು. ನಾನು ಕಳಿಸುವುದಿಲ್ಲ. ಅವಳ ಓದು, ಅತ್ತೆಯ ಬೆನ್ನು, ಗದ್ದೆ, ಎಲ್ಲ ಸೇರಿ ನನ್ನ ಸಾಲು ಉದ್ದವಾಗಿದೆ, ಒಬ್ಬಳಿಂದ ಮುಗಿಯುತ್ತಿಲ್ಲ. ಜೂನ್‌ಗೆ ಮಳೆ ಹಿಡಿಯುವ ಮೊದಲು ನೀವೇ ಬನ್ನಿ. ಕುಂದಾಪುರದಲ್ಲಿ ದೋಸೆ ಹೊಯ್ಯುವವರಿಗೆ ಕೆಲಸವಿಲ್ಲವೇ? ಅಲ್ಲಿ ನಿಮ್ಮ ಸಾಲು ಮುಗಿದಿಲ್ಲವೆಂದು ಮಾತ್ರ ಹೇಳಬೇಡಿ, ಅದನ್ನು ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ.