ಅಚ್ಚಿನೊಳಗೆ ನಕ್ಕವಳು

ಭಾನುವಾರ ಮಧ್ಯಾಹ್ನ,
ಕಾರ್ಖಾನೆಯ ಮೇಲಿನ ಕೋಣೆಯಿಂದ

ನನ್ನ ಮುದ್ದು ಅಕ್ಕಾ,

ನನ್ನ ಮುಖ ಪಾಸಾಯಿತು ಕಣೇ! ಇನ್ನು ಮೇಲೆ ಈ ಊರಿನ ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲುವ ಬೊಂಬೆಗಳಿಗೆಲ್ಲ ನನ್ನದೇ ಮೂಗು, ನನ್ನದೇ ಗಲ್ಲ! ಅಯ್ಯೋ, ಮೊದಲು ನಿನ್ನನ್ನು ವಿಚಾರಿಸಬೇಕಿತ್ತು. ಉಳುಕಿದ ಕಾಲು ಹೇಗಿದೆ? ಭಾವ ಈಗಲಾದರೂ ಕಾಫಿ ಮಾಡಲು ಕಲಿತರೇ, ಇಲ್ಲ ಕುಂಟಿಕೊಂಡು ನೀನೇ ಮಾಡುತ್ತಿದ್ದೀಯಾ? ನನ್ನ ಕಾನ್ವೆಂಟ್ ಕನ್ನಡದಲ್ಲಿ ಒತ್ತು ತಪ್ಪಿದ್ದರೆ ಭಾವನಿಗೆ ತೋರಿಸಬೇಡ, ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ.

ನಮ್ಮವರು ಬೊಂಬೆಯ ಮುಖ ಎರೆಯುವ ಹಳೆಯ ಅಚ್ಚು ಬಿರುಕು ಬಿಟ್ಟಿತ್ತು. “ಬೇರೆ ಮುಖ ಯಾಕೆ ಹುಡುಕ್ಲಿ, ನೀನಿದ್ದೀಯಲ್ಲ” ಎಂದು ನನ್ನನ್ನೇ ಬೆಂಚಿನ ಮೇಲೆ ಮಲಗಿಸಿದರು. (ಎಷ್ಟು ರೊಮ್ಯಾಂಟಿಕ್ ಅಲ್ಲವಾ!) ಮುಖಕ್ಕೆ ಜಿಡ್ಡು, ಕಿವಿಗೆ ಹತ್ತಿ, ಮೂಗಿಗೆ ಕೊಳವೆ, ಮೇಲೆ ಹಸಿ ಪ್ಲಾಸ್ಟರ್. ಮೊದಲು ತಣ್ಣಗಿತ್ತು, ಆಮೇಲೆ ಬೆಚ್ಚಗಾಯಿತು, ಆಮೇಲೆ ನನಗೆ ಮುಖವೇ ಇರಲಿಲ್ಲ. ಅಲುಗಾಡದೆ ಇಟ್ಟಿದ್ದ ಕೈಕಾಲುಗಳೂ ಒಂದೊಂದಾಗಿ ಎಲ್ಲಿಗೋ ಹೊರಟುಹೋದವು. ಕತ್ತಲೆ, ನಿಶ್ಶಬ್ದ. ‘ನಾನು ಇದ್ದೀನಾ?’ ಎಂದು ಗಾಬರಿಯಿಂದ ಒಳಗೇ ಕೇಳಿಕೊಂಡೆ. ತಕ್ಷಣ ಹೊಳೆಯಿತು, ಹಾಗೆ ಕೇಳುತ್ತಿರುವವಳು ಇದ್ದಾಳಲ್ಲ, ಅವಳೇ ನಾನು! ಎಲ್ಲ ಕಿತ್ತುಕೊಂಡರೂ ಅವಳು ಮಾತ್ರ ಜಾಗ ಬಿಟ್ಟು ಏಳಲಿಲ್ಲ. ಇಷ್ಟು ವರ್ಷದ ಶಾಲೆಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ ಅನ್ನಿಸಿ ನಗು ಬಂತು. ನಗಬಾರದಿತ್ತು ಅಕ್ಕಾ. ಅಚ್ಚು ಹಿಡಿಯುವಾಗ ತುಟಿ ಅಲುಗಬಾರದು ಎಂದು ಸಾರಿ ಸಾರಿ ಹೇಳಿದ್ದರು. ತುಟಿಯ ಕೊನೆಯಲ್ಲಿ ಆ ನಗು ಹಾಗೇ ಅಚ್ಚಿಗೆ ಇಳಿದುಬಿಟ್ಟಿತು. ಅಂಗಡಿಯವರಿಗೆ ಮೆಚ್ಚಿಗೆಯಾದದ್ದೂ ಅದೇ. ಈಗ ಎಲ್ಲ ಬೊಂಬೆಗಳ ಮುಖದಲ್ಲೂ, ತಾನಿದ್ದೇನೆ ಎಂದು ಆಗಷ್ಟೇ ಗೊತ್ತಾದವಳ ನಗು.

ಆಮೇಲಿನಿಂದ ಇಲ್ಲಿ ಏನೋ ಒಂಥರಾ. ಬೊಂಬೆಗಳಿಗೆ ಕೂದಲು ಹೊಲಿಯುವ ನಮ್ಮ ಅತ್ತೆ ಮೊನ್ನೆ ತಲೆಯೆತ್ತಿ, “ಏನೇ, ಈಗ ತಾನೇ ಆಚೆ ಹೋದೆ, ಒಳಗೆ ಯಾವಾಗ ಬಂದೆ?” ಎಂದರು. ನಾನು ಬೆಳಗಿನಿಂದ ಹೊಸಿಲು ದಾಟಿರಲಿಲ್ಲ. ಎದುರಿನ ಔಷಧಿ ಅಂಗಡಿಯವರು, “ಅಷ್ಟು ಮಾತಾಡಿಸಿದ್ರೂ ಬರೀ ನಗ್ತಾ ನಿಂತ್ಯಲ್ಲಮ್ಮಾ, ಮದುವೆ ಆಯ್ತು ಅಂತ ಜಂಬಾನಾ?” ಎಂದು ಛೇಡಿಸಿದರು. ಒಣಗಲು ನಿಲ್ಲಿಸಿದ ಸಾಲಿನಲ್ಲಿ ಒಂದು ಜಾಗ ಖಾಲಿ ಇದೆ. “ಬಟ್ಟೆ ಅಂಗಡಿಯವ್ರು ಒಯ್ದಿರ್ತಾರೆ ಬಿಡೇ” ಎನ್ನುತ್ತಾರೆ ನಮ್ಮವರು. ಅಂಗಡಿಯವರು ಒಯ್ದಿಲ್ಲವಂತೆ. ನೀನು ಕೊಟ್ಟ ನೀಲಿ ಕೋಟೂ ಗೂಟದಲ್ಲಿಲ್ಲ.

ಕನ್ನಡಿ ನೋಡಿದರೆ ಧೈರ್ಯ ಬರುವುದಿಲ್ಲ, ಆ ಮುಖ ಈಗ ಎಷ್ಟೋ ಜನರದ್ದು. ಕಣ್ಣು ಮುಚ್ಚಿ ಒಳಗೆ ಕೇಳಿಕೊಂಡರೆ, ಇದ್ದೀನಿ ಎಂದು ಉತ್ತರ ಬರುತ್ತದೆ, ಸಮಾಧಾನವಾಗುತ್ತದೆ. ಆದರೆ ಆ ಖಾಲಿ ಜಾಗದವಳೂ ಎಲ್ಲೋ ನಿಂತು ಹಾಗೇ ಕೇಳಿಕೊಂಡು, ಅವಳಿಗೂ ಅದೇ ಉತ್ತರ ಬಂದರೆ? ಆಗ ನೀನು ಯಾರನ್ನು ತಂಗಿ ಅನ್ನುತ್ತೀಯ? ಸದ್ಯದಲ್ಲೇ ಅಲ್ಲಿಗೆ ಬರುತ್ತೇನೆ, ಒಂದು ವಾರ ನಿನ್ನ ಪಕ್ಕದಲ್ಲಿ ಕೂತು ಬಾಯಿ ನೋಯುವಷ್ಟು ಹರಟಬೇಕು.

ಭಾವನಿಗೆ ನಮಸ್ಕಾರ, ಪಾಪುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ,
ಬಡಬಡಿ

ಮತ್ತೆ ಬಿಚ್ಚಿ ಬರೆದದ್ದು: ಕಾಗದ ಮಡಿಚಿ, ನಿನ್ನೂರಿನ ಟಿಕೆಟ್ಟಿಗೆಂದು ಸ್ಟೇಷನ್ನಿಗೆ ಹೋಗಿದ್ದೆ. ಕಿಟಕಿಯಾತ, “ಆಗ್ಲೇ ತಗೊಂಡ್ರಲ್ಲ ಮೇಡಂ, ಬೋರ್ಡ್ ಮೇಲೆ ಬೆರಳಿಟ್ಟು ತೋರಿಸಿ, ಗುರುವಾರದ ಎಕ್ಸ್‌ಪ್ರೆಸ್ಸಿಗೆ! ಇನ್ನೊಂದು ಯಾರಿಗೆ?” ಎಂದ. ಅಕ್ಕಾ, ಗುರುವಾರ ನೀಲಿ ಕೋಟಿನವಳು ನಿನ್ನ ಬಾಗಿಲಲ್ಲಿ ಮಾತಿಲ್ಲದೆ ನಗುತ್ತಾ ನಿಂತರೆ ಒಳಗೆ ಕರೆಯಬೇಡ. ಬಡಬಡಿ ಅಂತಂತೂ ಕರೆಯಲೇಬೇಡ, ನಿನ್ನ ದಮ್ಮಯ್ಯ, ಅದೊಂದನ್ನು ನನಗೆ ಉಳಿಸಿಕೊಡು. ನಾನು ಬರುವುದು ಶುಕ್ರವಾರ, ಸಂಜೆಯ ಪ್ಯಾಸೆಂಜರಿಗೆ.