ಟೇಪು ಸುತ್ತುವ ದಿಕ್ಕಿನ ಬಗ್ಗೆ ನೀರಿನ ಕಚೇರಿಗೆ

ನೀರು ಸರಬರಾಜು ಕಚೇರಿಯ ಮುಖ್ಯ ಎಂಜಿನಿಯರ್ ಅವರಿಗೆ,

ಮಾನ್ಯರೇ, ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಯ ನೀರು ಕಡಿಯುವುದಾಗಿ ನೋಟೀಸು ಕಳಿಸಿದ್ದೀರಿ. ನನ್ನ ತಪ್ಪು ಇಷ್ಟೇ: ನಿಮ್ಮವರು ಕೂರಿಸಿದ ಮೀಟರಿನ ಪಕ್ಕದ ಜಾಯಿಂಟು ಸೋರುತ್ತಿತ್ತು, ನಾನು ಅದನ್ನು ಬಿಚ್ಚಿ, ಬಿಳಿ ಟೇಪು ಸುತ್ತಿ, ಸೋರದಂತೆ ಮಾಡಿದೆ. ಮಾಡಿದ್ದು ನಾನೇ, ಅಲ್ಲ ಎನ್ನುವುದಿಲ್ಲ. 'ಮೊದಲಿದ್ದ ಸ್ಥಿತಿಗೆ ತಂದರೆ ಕ್ರಮ ಕೈಬಿಡಲಾಗುವುದು' ಎಂದೂ ಬರೆದಿದ್ದೀರಿ. ಮೊದಲಿದ್ದ ಸ್ಥಿತಿ ಎಂದರೆ ಸೋರುವ ಸ್ಥಿತಿ. ಅದನ್ನು ಮಾಡಿಕೊಡಲು ನನ್ನಿಂದಾಗದು.

ತಂಗಿ, ತಮ್ಮಂದಿರ ಮಕ್ಕಳಿಗೆ ಕಾಗದ ಬರೆದು ರೂಢಿಯಾದ ಕೈ ಇದು. ಎಲ್ಲಾದರೂ ಸಲಿಗೆ ಹೆಚ್ಚಾಯಿತು ಎನಿಸಿದರೆ ಮನೆಯ ದೊಡ್ಡಮ್ಮ ಬೈದಳೆಂದುಕೊಂಡು ಮುಂದೆ ಓದಿ. ನಾನು ಕಲಿತದ್ದು ನಾಲ್ಕನೇ ತರಗತಿ. ಆದರೆ ಮೂವತ್ತು ವರ್ಷ ಒಂದು ಹಾಸ್ಟೆಲ್ಲಿನ ಬಚ್ಚಲುಮನೆಗಳ ಉಸ್ತುವಾರಿ ನೋಡಿಕೊಂಡವಳು. ಕರೆದ ದಿನ ಪ್ಲಂಬರ್ ಬರುವುದಿಲ್ಲವೆಂದು ಗೊತ್ತಾದ ಮೇಲೆ ಸ್ಪ್ಯಾನರ್ ನಾನೇ ಹಿಡಿದೆ. ಮೊದಲ ವರ್ಷ ಮೈ ತೋಯಿಸಿಕೊಂಡಿದ್ದೇ ಹೆಚ್ಚು.

ಹೊಸ ಮೀಟರುಗಳು ಬಂದದ್ದೇ ನಮ್ಮ ಸಾಲಿನ ಮನೆಗಳ ಜಾಯಿಂಟುಗಳೆಲ್ಲ ಸೋರತೊಡಗಿದವು. ನಾಲ್ಕು ದೂರು ಕೊಟ್ಟೆ. ನಾಲ್ಕಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ನೀರು ಮಾತ್ರ ಯಾವ ಪರಿಶೀಲನೆಗೂ ಕಾಯದೆ ಮೆಟ್ಟಿಲ ಮೇಲೆ ಹರಿದು ಪಾಚಿ ಕಟ್ಟಿತು. ಆ ಮೆಟ್ಟಿಲಲ್ಲೇ ನಮ್ಮಕ್ಕ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಎಪ್ಪತ್ತೆಂಟು ವರ್ಷದವಳು. ಈಗ ಅವಳಿಗೆ ಮೈ ತೊಳೆಯುವುದು, ತಲೆ ಬಾಚುವುದು ಎಲ್ಲ ನಾನೇ. ಈ ಮನೆಯ ನೀರನ್ನೇ ನೀವು ಕಡಿಯಲು ಹೊರಟಿರುವುದು.

ಅಕ್ಕ ಬಿದ್ದ ಮೇಲೆ ನಿಮ್ಮ ಫಿಟ್ಟರ್ ಬಂದ. ಒಳ್ಳೆಯ ಮನುಷ್ಯ. ಪೈಪಿನ ಬಾಯನ್ನು ತನ್ನ ಕಡೆ ತಿರುಗಿಸಿಕೊಂಡು ಟೇಪು ಸುತ್ತತೊಡಗಿದ. ನೋಡಿ ನನಗೆ ತಡೆಯಲಾಗಲಿಲ್ಲ.

"ಏನಪ್ಪಾ, ಉಲ್ಟಾ ಸುತ್ತುತಾ ಇದೀಯಲ್ಲ?"

"ಅಜ್ಜೀ, ನಮಗೆ ಟ್ರೇನಿಂಗ್ ಆಗಿದೆ. ಸರ್ಟಿಫಿಕೇಟೂ ಇದೆ."

"ಹಾಗಾದ್ರೆ ಟೇಪು ಯಾಕೆ, ಅದನ್ನೇ ಸುತ್ತಿಬಿಡು."

ಒಳಗಿನಿಂದ ಅಕ್ಕ, "ಪಾಪ, ಅವನನ್ನ ಯಾಕೆ ಗೋಳು ಹುಯ್ಕೋತೀಯೇ?" ಎಂದಳು. ಅವನಿಗೂ ನಗು ಬಂತು. ಹೇಗೆ ಕಲಿಸಿದರು ಎಂದು ಕೇಳಿದೆ.

"ಸಾರ್ ಮುಂದೆ ನಿಂತ್ಕೊಂಡು ತೋರಿಸಿದ್ರು. ನಾವು ಇಪ್ಪತ್ತು ಜನ ಎದುರಿಗೆ ಕೂತು, ಅವರ ಕೈ ಹೇಗೆ ತಿರುಗ್ತಿತ್ತೋ ಹಾಗೇ ತಿರುಗಿಸಿದ್ವಿ."

ಮಾನ್ಯರೇ, ಗೊತ್ತಾಯಿತೇ? ಕಲಿಸಿದವರು ಪೈಪಿನ ಬಾಯನ್ನು ತಮ್ಮ ಕಡೆಗಿಟ್ಟುಕೊಂಡು ಗಡಿಯಾರದ ಮುಳ್ಳು ತಿರುಗುವ ಕಡೆಗೇ, ಸರಿಯಾಗಿಯೇ, ಸುತ್ತಿದ್ದಾರೆ. ಎದುರಿಗೆ ಕೂತವರಿಗೆ ಅದು ಉಲ್ಟಾ ಕಂಡಿದೆ. ಕಂಡದ್ದನ್ನು ಕಂಡ ಹಾಗೇ ಕಲಿತಿದ್ದಾರೆ. ಜಾಯಿಂಟು ಬಿಗಿಯುವ ಕಡೆಗೇ ಟೇಪು ಸುತ್ತಿದ್ದರೆ, ಬಿಗಿದಷ್ಟೂ ಅದು ಥ್ರೆಡ್ಡಿನ, ಅಂದರೆ ಪೈಪಿನ ತಿರುಪು ಗೆರೆಗಳ, ಸಂದಿಗೆ ಕೂರುತ್ತದೆ. ಉಲ್ಟಾ ಸುತ್ತಿದರೆ ಬಿಗಿಯುವಾಗಲೇ ಬಿಚ್ಚಿಕೊಂಡು ಮುದ್ದೆಯಾಗಿ ಹೊರಗೆ ಬರುತ್ತದೆ. ಇದನ್ನು ತಿಳಿಯಲು ಎಂಜಿನಿಯರ್ ಆಗಬೇಕೇ? ಅಥವಾ ಎಂಜಿನಿಯರ್ ಆದಮೇಲೆ ಇದು ಮರೆತುಹೋಗುತ್ತದೆಯೇ?

ಫಿಟ್ಟರನನ್ನು ನನ್ನ ಹಿಂದೆ ನಿಲ್ಲಿಸಿಕೊಂಡು, ಭುಜದ ಮೇಲಿಂದ ನೋಡು ಎಂದೆ. ತುದಿಯ ಒಂದು ಥ್ರೆಡ್ ಬಿಟ್ಟು, ಟೇಪನ್ನು ಎಳೆದು ಹಿಡಿದು, ಐದಾರು ಸುತ್ತು ಸುತ್ತಿ ತೋರಿಸಿದೆ. "ಅಯ್ಯೋ, ಹೌದಲ್ಲಾ!" ಎಂದ. ಆಮೇಲೆ ದನಿ ತಗ್ಗಿಸಿ, "ನಾನು ಮಾತ್ರ ಹೀಗೆ ಸುತ್ತಿದ್ರೆ ಸೂಪರ್‌ವೈಸರ್ ಬಿಡಲ್ಲ ಅಜ್ಜಿ. ಅವರೂ ನನ್ನ ಪಕ್ಕದಲ್ಲೇ ಕೂತು ಕಲಿತವರು" ಎಂದು ನನ್ನ ಟೇಪು ಬಿಚ್ಚಿ, ತನ್ನ ಹಾಗೆ ಸುತ್ತಿ ಹೋದ. ಸಂಜೆಯೊಳಗೆ ಮತ್ತೆ ಸೋರಿತು. ಮರುದಿನ ನಾನೇ ಸರಿಮಾಡಿದೆ. ಆ ವಾರ ಅಕ್ಕಪಕ್ಕದವರು ಕರೆದರು, ಇನ್ನೂ ಒಂಬತ್ತು ಮನೆಗೆ ಮಾಡಿದೆ. ಮೀಟರ್ ನೋಡಲು ಬಂದವರು ಒಣಗಿದ ನೆಲ ಕಂಡು ಅನುಮಾನಪಟ್ಟರಂತೆ! ಎಷ್ಟೋ ತಿಂಗಳು ಸೋರಿದಾಗ ಹುಟ್ಟದ ಅನುಮಾನ ನಿಂತಾಗ ಹುಟ್ಟಿತು. ನೋಟೀಸು ಮೂರೇ ದಿನದಲ್ಲಿ ಬಂತು. ನಿಮ್ಮ ಕಚೇರಿ ಇಷ್ಟು ಚುರುಕೆಂದು ನನಗೆ ತಿಳಿದಿರಲಿಲ್ಲ.

ಕ್ಷಮಾಪಣೆ ಬರೆದುಕೊಟ್ಟುಬಿಡು ಎಂದು ಮನೆಯವರೆಲ್ಲ ಹೇಳಿದರು. ಅಕ್ಕ ಒಬ್ಬಳೇ, "ಬರೀಬೇಡ. ಬಿದ್ದೋಳು ನಾನು, ತಪ್ಪೊಪ್ಪಿಗೆ ನೀನು ಯಾಕೆ ಕೊಡ್ತೀಯಾ?" ಎಂದಳು.

ಬರೆಯುವುದಿಲ್ಲ. ನೋಟೀಸು ಹಿಂತೆಗೆದುಕೊಳ್ಳಿ. ಆ ಇಪ್ಪತ್ತು ಜನರನ್ನು ಮತ್ತೆ ಕರೆಸಿ, ಕಲಿಸುವವರ ಬೆನ್ನ ಹಿಂದೆ ನಿಲ್ಲಿಸಿ ಕಲಿಸಿ. ಫಿಟ್ಟರನ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ, ಅವನು ಹೇಳಿಕೊಟ್ಟದ್ದನ್ನು ಮಾಡಿದವನು. ಇಲ್ಲ, ಕಡಿಯಲೇಬೇಕು ಎಂದರೆ ಸೋಮವಾರ ನೀವೇ ಬನ್ನಿ. ಅಕ್ಕನ ಸ್ನಾನ ಒಂಬತ್ತೂವರೆಗೆ ಮುಗಿದಿರುತ್ತದೆ. ಮೆಟ್ಟಿಲು ಒಣಗಿದೆ, ಧೈರ್ಯವಾಗಿ ಹತ್ತಿ. ನಾನು ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಮೊದಲು ನನ್ನನ್ನು ಎಬ್ಬಿಸಬೇಕಾಗುತ್ತದೆ. ನನಗೆ ಮಂಡಿನೋವು, ಬೇಗ ಏಳುವವಳಲ್ಲ.

ಇಂತಿ,
ಸೋಮವಾರ ಹತ್ತು ಗಂಟೆಯವರೆಗಂತೂ ನಲ್ಲಿಯಲ್ಲಿ ನೀರಿರುವ
ಒಬ್ಬ ಮುದುಕಿ